ಸಾಸೇಜ್ ಪಾಸ್ತಾ ಕೆಟ್ಟಿತಾ? ಬಾಣಲೆ ನೋಡಿ ತಪ್ಪು ಹುಡುಕಿ

ಕ್ರೀಮ್ ಸುರಿದು ಎರಡು ನಿಮಿಷ ಆಗಿತ್ತು ಅಷ್ಟೇ. ಬಾಣಲೆಯ ಅಂಚಿನಲ್ಲಿ ಕೆಂಪು ಎಣ್ಣೆ, ನಡುವೆ ಬಿಳಿ ಕಾಳು ಕಾಳು. ತಂಗಿ ಹಿಂದಿನಿಂದ ಇಣುಕಿ, "ಅಣ್ಣಾ, ಇದು ಪಾಸ್ತಾನಾ, ಪನೀರ್ ಬುರ್ಜಿನಾ?" ಅಂದಳು. ಕೋಪ ಬಂತು. ಆದರೆ ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಬಿಸಿ ಹಾಲಿಗೆ ನಿಂಬೆಹುಳಿ ಹಿಂಡಿದರೆ ಪನೀರ್ ಆಗುವುದೂ ಹೀಗೇ ಅಲ್ವಾ?

ಆಮೇಲೆ ಇದೇ ಅಡುಗೆಯನ್ನು ಬೇಕಂತಲೇ ಮತ್ತೆ ಮತ್ತೆ ಮಾಡಿದೆ. ಪ್ರತಿ ಸಲ ಒಂದೇ ಒಂದು ವಿಷಯ ಬದಲಿಸಿದೆ: ಒಮ್ಮೆ ಕ್ರೀಮ್, ಒಮ್ಮೆ ಉರಿ, ಒಮ್ಮೆ ಸಾಸೇಜ್. ಕೆಲವು ಸಲ ಚೆನ್ನಾಗಿ ಬಂತು, ಕೆಲವು ಸಲ ಬೀದಿ ನಾಯಿಯೂ ಮೂಸಿ ನೋಡಿ ಹೋಯಿತು. ರೆಸಿಪಿಗಳು ಬೇಕಾದಷ್ಟು ಸಿಗುತ್ತವೆ, ಕೆಟ್ಟಾಗ ಏನನ್ನು ನೋಡಬೇಕು ಅಂತ ಹೇಳುವವರು ಕಡಿಮೆ. ಹಾಗಾಗಿ ಇದು.

ಸರಿಯಾಗಿ ಬಂದರೆ ಹೇಗಿರುತ್ತದೆ

ಇಟಲಿಯ ಉಂಬ್ರಿಯಾದಲ್ಲಿ ನೋರ್ಚಾ ಅಂತ ಒಂದು ಬೆಟ್ಟದೂರು ಇದೆ. ಹಂದಿ ಮಾಂಸದ ಕೆಲಸಕ್ಕೆ ಆ ಊರು ಎಷ್ಟು ಹೆಸರುವಾಸಿ ಅಂದರೆ, ಸಾಸೇಜ್ ಮಾಡುವ ಕಸುಬಿನವರಿಗೆ ಇಟಲಿಯಲ್ಲಿ ನೋರ್ಚಿನೋ ಅಂತಲೇ ಹೆಸರು, ಅವರ ಅಂಗಡಿಗೆ ನೋರ್ಚಿನೆರಿಯಾ. ಅದೇ ಊರಿನ ಹೆಸರು ಹೊತ್ತ ಪಾಸ್ತಾ "ಪೆನ್ನೆ ಅಲ್ಲಾ ನೋರ್ಚಿನಾ", ಅಂದರೆ ನೋರ್ಚಾ ಶೈಲಿಯ ಪೆನ್ನೆ (ಸಣ್ಣ ಕೊಳವೆಯಂಥ ಪಾಸ್ತಾ). ಹಸಿ ಸಾಸೇಜ್‌ನ ಸಿಪ್ಪೆ ಸುಲಿದು, ಒಳಗಿನದನ್ನು ಪುಡಿ ಮಾಡಿ ಹುರಿದು, ಸ್ವಲ್ಪ ಬಿಳಿ ವೈನ್ ಸುರಿದು ಅದು ಆರಿದ ಮೇಲೆ ಕ್ರೀಮ್ ಹಾಕಿ, ಕೊನೆಗೆ ಕುರಿ ಹಾಲಿನ ಪೆಕೊರೀನೋ ಚೀಸ್ ತುರಿದು ಉದುರಿಸುತ್ತಾರೆ. ಟೊಮೇಟೊ ಇಲ್ಲ. ಹೇಳಿಕೊಳ್ಳುವಂಥ ಖಾರವೂ ಇಲ್ಲ. ಖಾರ ಬೇಕಿದ್ದರೆ ದಕ್ಷಿಣದ ಕಲಾಬ್ರಿಯಾಕ್ಕೆ ಇಳಿಯಬೇಕು. ಅಲ್ಲಿ ಕೆಂಪು ಮೆಣಸಿನಕಾಯಿ ಸೇರಿಸಿ ಎನ್‌ದೂಯಾ ಅಂತ ಒಂದು ಸಾಸೇಜ್ ಮಾಡುತ್ತಾರೆ, ಬ್ರೆಡ್ಡಿಗೆ ಬೆಣ್ಣೆಯ ಹಾಗೆ ಸವರಬಹುದು.

ನಾವು ಮನೆಯಲ್ಲಿ ಮಾಡುವುದು ಇವೆರಡನ್ನೂ ಕಲಸಿ, ಮೇಲೆ ಟೊಮೇಟೊವನ್ನೂ ಸೇರಿಸಿದ ಒಂದು ಮಿಶ್ರಣ. ತೊಂದರೆ ಶುರುವಾಗುವುದೂ ಅಲ್ಲೇ.

ನನ್ನ ಅಳತೆ ಇಬ್ಬರಿಗೆ: 200 ಗ್ರಾಂ ಪೆನ್ನೆ, 200 ಗ್ರಾಂ ಸಾಸೇಜ್, 100 ಮಿಲಿ ಕ್ರೀಮ್, ಸಣ್ಣದೊಂದು ಈರುಳ್ಳಿ, 3 ಎಸಳು ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ಟೊಮೇಟೊ ಪೇಸ್ಟ್, 30 ಗ್ರಾಂ ಚೀಸ್, ಮೆಣಸಿನಕಾಯಿ ನಿಮ್ಮ ಧೈರ್ಯಕ್ಕೆ ಬಿಟ್ಟದ್ದು. ಸಾಸ್ ಸರಿ ಇದ್ದರೆ ಸೌಟಿನ ಬೆನ್ನಿಗೆ ಅಂಟುತ್ತದೆ, ಬೆರಳಲ್ಲಿ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲುತ್ತದೆ. ತಿಂದು ಮುಗಿದ ತಟ್ಟೆಯ ತಳದಲ್ಲಿ ಎಣ್ಣೆ ನಿಂತಿರಬಾರದು, ನೀರೂ ನಿಂತಿರಬಾರದು.

"ಒಡೆದು ಹೋಯಿತು" ಅಂದರೆ ಯಾವ ಒಡೆತ?

ಹೆಚ್ಚಿನವರು ಎಡವುವುದು ಇಲ್ಲಿ. ನಾನೂ ಎಡವಿದ್ದೆ. ಸಾಸ್ ಒಡೆಯುವುದರಲ್ಲಿ ಮೂರು ಬಗೆ ಇವೆ. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಇನ್ನೂ ಕೆಡುತ್ತದೆ.

ಒಂದು ಚಮಚ ಸಾಸ್ ತೆಗೆದು ಸ್ಟೀಲ್ ತಟ್ಟೆಯ ಮೇಲೆ ಹಾಕಿ, ತಟ್ಟೆಯನ್ನು ಸ್ವಲ್ಪ ಓರೆ ಮಾಡಿ. ಬರೀ ಎಣ್ಣೆ ಬೇರೆಯಾಗಿ ಹರಿದು, ಹಿಂದೆ ಉಳಿದದ್ದು ನುಣ್ಣಗಿದ್ದರೆ ಅದು ಎಣ್ಣೆ ಬಿಟ್ಟಿರುವುದು. ನೀರು ತಿಳಿಯಾಗಿ ಹರಿದು, ಹಿಂದೆ ರವೆಯಂಥ ಬಿಳಿ ಕಾಳು ಉಳಿದರೆ ಅದು ಹಾಲು ಒಡೆದಿರುವುದು. ಎರಡೂ ಇಲ್ಲದೆ, ಸೌಟಿಗೆ ಚೂಯಿಂಗ್ ಗಮ್ ಹಾಗೆ ಎಳೆ ಎಳೆಯಾಗಿ, ಗಂಟಾಗಿ ಸುತ್ತಿಕೊಂಡರೆ ಅದು ಚೀಸ್ ಕೆಟ್ಟಿರುವುದು.

ಮೊದಲನೆಯದು, ಎಣ್ಣೆ ಬಿಟ್ಟಿರುವುದು. ನಮ್ಮ ಅಡುಗೆಯಲ್ಲಿ ಇದು ದೋಷವೇ ಅಲ್ಲ. "ಮಸಾಲೆ ಎಣ್ಣೆ ಬಿಡುವವರೆಗೂ ಹುರಿ" ಅಂತ ಹೇಳಿಸಿಕೊಂಡೇ ಬೆಳೆದವರು ನಾವು, ಎಣ್ಣೆ ಬಿಟ್ಟರೆ ಆಯಿತು ಅಂತ ಲೆಕ್ಕ. ಆ ಅಭ್ಯಾಸವೇ ಇಲ್ಲಿ ಕೈಕೊಡುತ್ತದೆ. ಕ್ರೀಮ್ ಅಂದರೆ ನೀರಿನಲ್ಲಿ ಕೊಬ್ಬಿನ ಸಣ್ಣ ಸಣ್ಣ ಹನಿಗಳು ತೇಲುತ್ತಿರುವುದು. ಜಾಸ್ತಿ ಹೊತ್ತು ಕುದಿಸಿ ನೀರೆಲ್ಲ ಆವಿಯಾದರೆ ಆ ಹನಿಗಳು ಒಂದಕ್ಕೊಂದು ಸೇರಿಕೊಂಡು ಎಣ್ಣೆಯಾಗಿ ಮೇಲೆ ಬರುತ್ತವೆ. ಸಾಸೇಜ್‌ನಿಂದ ಇಳಿದ ಕೊಬ್ಬು ಆಗಲೇ ಬಾಣಲೆಯಲ್ಲಿ ಇರುತ್ತದೆ, ಅದೂ ಇದರ ಜೊತೆ ಸೇರುತ್ತದೆ. ಮದ್ದು ಸುಲಭ: ನೀರು ವಾಪಸ್ ಕೊಡಿ. ಒಲೆ ಆರಿಸಿ, ಪಾಸ್ತಾ ಬೆಂದ ಬಿಸಿ ನೀರನ್ನು ಎರಡು ಚಮಚ ಹಾಕಿ ಜೋರಾಗಿ ತಿರುವಿ, ಸಾಲದಿದ್ದರೆ ಇನ್ನೆರಡು. ಆ ನೀರಿನಲ್ಲಿರುವ ಗಂಜಿ ಎಣ್ಣೆಯನ್ನೂ ನೀರನ್ನೂ ಹಿಡಿದು ಕೂರಿಸುತ್ತದೆ. ಅರ್ಧ ನಿಮಿಷದಲ್ಲಿ ಸಾಸ್ ಮತ್ತೆ ಒಂದಾಗುವುದನ್ನು ಕಣ್ಣಾರೆ ನೋಡಬಹುದು. ಪಾಸ್ತಾ ನೀರನ್ನು ಸಿಂಕಿಗೆ ಚೆಲ್ಲಿಬಿಟ್ಟಿದ್ದರೆ ಅರ್ಧ ಚಮಚ ಕಾರ್ನ್‌ಫ್ಲೋರ್ ಅನ್ನು ಕಾಲು ಲೋಟ ತಣ್ಣೀರಿನಲ್ಲಿ ಕದಡಿ, ಒಂದು ಕುದಿ ಬರಿಸಿ ಹಾಕಿ. ಅಷ್ಟು ರುಚಿ ಬರುವುದಿಲ್ಲ, ಆದರೆ ಮಾನ ಉಳಿಯುತ್ತದೆ.

ಎರಡನೆಯದು, ಹಾಲು ಒಡೆದಿರುವುದು. ಇದಕ್ಕೆ ಮದ್ದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಹಾಲಿನ ಕೇಸೀನ್ ಪ್ರೋಟೀನ್ ಒಮ್ಮೆ ಗಟ್ಟಿಕಟ್ಟಿದರೆ ಮತ್ತೆ ಬಿಡಿಸಲು ಆಗುವುದಿಲ್ಲ. ಸಾಮಾನ್ಯ ತಾಪಮಾನದಲ್ಲಿ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4.6ರ ಹತ್ತಿರ ಅದು ಗಟ್ಟಿಯಾಗುತ್ತದೆ, ಬಿಸಿ ಇದ್ದರೆ ಅಷ್ಟು ಹುಳಿಯೂ ಬೇಕಿಲ್ಲ. ಟೊಮೇಟೊ ಹೆಚ್ಚುಕಡಿಮೆ ಅದೇ ಮಟ್ಟದ ಹುಳಿ. ಅಂದರೆ ಬಿಸಿ ಟೊಮೇಟೊಗೆ ತಣ್ಣನೆ ಕ್ರೀಮ್ ಸುರಿದು ಮೇಲಿಂದ ದೊಡ್ಡ ಉರಿ ಇಟ್ಟರೆ ಒಡೆಯುವುದಕ್ಕೆ ನಾವೇ ಚಪ್ಪರ ಹಾಕಿ ಕರೆದ ಹಾಗೆ.

ಹುಳಿಯಿಂದ ಒಡೆಯಿತೋ, ಉರಿಯಿಂದ ಒಡೆಯಿತೋ ಅಂತ ಗೊತ್ತು ಮಾಡಿಕೊಳ್ಳಲು ಒಂದು ಸಣ್ಣ ಪರೀಕ್ಷೆ ಇದೆ. ಮುಂದಿನ ಸಲ ಕ್ರೀಮ್ ಹಾಕುವ ಮೊದಲು ಎರಡು ಚಮಚ ಟೊಮೇಟೊ ಮಸಾಲೆಯನ್ನು ಒಂದು ಲೋಟಕ್ಕೆ ತೆಗೆದುಕೊಳ್ಳಿ, ಬೆರಳು ಇಡುವಷ್ಟು ಆರಲಿ, ಒಂದು ಚಮಚ ಕ್ರೀಮ್ ಬೆರೆಸಿ. ಲೋಟದಲ್ಲೇ ಕಾಳು ಕಟ್ಟಿದರೆ ಹುಳಿ ಜಾಸ್ತಿ ಇದೆ. ಲೋಟದಲ್ಲಿ ನುಣ್ಣಗಿದ್ದು ಬಾಣಲೆಯಲ್ಲಿ ಕಾಳು ಕಟ್ಟಿದರೆ ತಪ್ಪು ನಿಮ್ಮ ಉರಿಯದು. ಹುಳಿ ಅಂತಾದರೆ ನಾಟಿ ಟೊಮೇಟೊ ಬಿಟ್ಟು ಪೇಸ್ಟ್ ಬಳಸಿ, ಅದನ್ನು ಎಣ್ಣೆಯಲ್ಲಿ ಬಣ್ಣ ಇಟ್ಟಿಗೆಯಂತೆ ಆಗುವವರೆಗೂ ಹುರಿಯಿರಿ. ಒಂದು ಚಮಚಕ್ಕಿಂತ ಜಾಸ್ತಿ ಬೇಡ. ವೈನ್ ಹಾಕುವವರು ಅದು ಪೂರ್ತಿ ಆರುವವರೆಗೆ ಕಾಯಿರಿ, ವೈನೂ ಹುಳಿಯೇ.

ಉರಿ ಅಂತಾದರೆ ನೀವು ಬಳಸುವ ಕ್ರೀಮ್ ಪೊಟ್ಟಣ ತಿರುಗಿಸಿ ಕೊಬ್ಬು ಎಷ್ಟಿದೆ ನೋಡಿ. ನಮ್ಮಲ್ಲಿ ಕಿರಾಣಿ ಅಂಗಡಿಯಲ್ಲಿ ಸಿಗುವ ಫ್ರೆಶ್ ಕ್ರೀಮ್ ಸಾಮಾನ್ಯವಾಗಿ 25%. ಅಮೆರಿಕದ ರೆಸಿಪಿಗಳಲ್ಲಿ ಹೆವಿ ಕ್ರೀಮ್ ಅಂತ ಬರೆದಿರುತ್ತಾರಲ್ಲ, ಅದರಲ್ಲಿ ಕನಿಷ್ಠ 36% ಕೊಬ್ಬು ಇರಲೇಬೇಕು. ಕೊಬ್ಬು ಜಾಸ್ತಿ ಇದ್ದಷ್ಟೂ ಕ್ರೀಮ್ ಕುದಿಯನ್ನೂ ಹುಳಿಯನ್ನೂ ತಡೆದುಕೊಳ್ಳುತ್ತದೆ. ಅಲ್ಲಿಯವರು "ಕ್ರೀಮ್ ಹಾಕಿ ಐದು ನಿಮಿಷ ಕುದಿಸಿ" ಅಂತ ಬರೆದದ್ದನ್ನು ನಾವು 25%ರ ಕ್ರೀಮಿಗೆ ಮಾಡಿದರೆ ಒಡೆಯದೆ ಇನ್ನೇನಾಗುತ್ತದೆ? ನಾನು ಮೊದಲ ಸಲ ಮಾಡಿದ್ದು ಇದೇ ತಪ್ಪು. ಈಗ ಒಲೆ ಸಣ್ಣ ಮಾಡಿ, ಅರ್ಧ ಲೋಟ ಪಾಸ್ತಾ ನೀರು ಮೊದಲು ಹಾಕಿ, ಆಮೇಲೆ ಕ್ರೀಮ್ ಹಾಕುತ್ತೇನೆ. ಅದೂ ಫ್ರಿಜ್ಜಿನಿಂದ ಅರ್ಧ ಗಂಟೆ ಮೊದಲೇ ಹೊರಗೆ ಇಟ್ಟದ್ದು. ಅಂಚಿನಲ್ಲಿ ಸಣ್ಣ ಗುಳ್ಳೆ ಬಂದರೆ ಸಾಕು. ತಳ ದಪ್ಪ ಇರುವ ಕಬ್ಬಿಣದ ಬಾಣಲೆಯಾದರೆ ಒಲೆ ಆರಿಸಿದ ಮೇಲೂ ಕುದಿಯುತ್ತಲೇ ಇರುತ್ತದೆ, ಅದನ್ನು ಒಲೆಯಿಂದ ಕೆಳಗಿಳಿಸಬೇಕು.

ಇದು ಹೊಸ ವಿದ್ಯೆ ಏನಲ್ಲ. ಮಜ್ಜಿಗೆ ಹುಳಿ ಮಾಡುವಾಗ ನೆನೆಸಿದ ಕಡಲೆಬೇಳೆಯನ್ನು ತೆಂಗಿನಕಾಯಿ ಜೊತೆ ಅರೆದು ಹಾಕುತ್ತೇವೆ, ಮಜ್ಜಿಗೆ ಹಾಕಿದ ಮೇಲೆ ಕೊತಕೊತ ಕುದಿಸುವುದಿಲ್ಲ. ಬೇಳೆಯ ಹಿಟ್ಟು ಮಜ್ಜಿಗೆ ಒಡೆಯದಂತೆ ಹಿಡಿಯುತ್ತದೆ. ಇಲ್ಲಿ ಬೇಳೆಯ ಕೆಲಸವನ್ನು ಪಾಸ್ತಾ ಗಂಜಿ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಮನೆಯಲ್ಲಿ ಮಜ್ಜಿಗೆ ಹುಳಿ ಒಡೆಯದ ಹಾಗೆ ಮಾಡುವವರು ಯಾರಾದರೂ ಇದ್ದರೆ ಸಾಸ್ ಹೊತ್ತಿಗೆ ಸೌಟು ಅವರ ಕೈಗೆ ಕೊಟ್ಟುಬಿಡಿ.

ಒಡೆದೇ ಹೋಗಿದ್ದರೆ? ಸಾಸೇಜ್ ಚೂರುಗಳನ್ನು ಎತ್ತಿಟ್ಟು, ಸಾಸ್ ಸ್ವಲ್ಪ ಆರಿದ ಮೇಲೆ ಮಿಕ್ಸಿಯಲ್ಲಿ ತಿರುಗಿಸಿ. ಬಿಸಿ ಬಿಸಿ ಇರುವಾಗ ಜಾರ್ ತುಂಬ ಹಾಕಿ ತಿರುಗಿಸಬೇಡಿ, ಮುಚ್ಚಳ ಹಾರಿ ಅಡುಗೆಮನೆ ಗೋಡೆಯೆಲ್ಲ ಟೊಮೇಟೊ ಆಗುತ್ತದೆ. ಕಾಳು ಕರಗುವುದಿಲ್ಲ, ಸಣ್ಣದಾಗುತ್ತದೆ, ನಾಲಿಗೆಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಮೂರನೆಯದು ಚೀಸ್. ಗಟ್ಟಿ ಚೀಸ್ ತುರಿದು ಕುದಿಯುವ ಸಾಸಿಗೆ ಹಾಕಿದರೆ ಅದರ ಪ್ರೋಟೀನ್ ಬಿಗಿದುಕೊಂಡು ಗಂಟಾಗುತ್ತದೆ, ಕೊಬ್ಬು ಹೊರಗೆ ಬರುತ್ತದೆ. ಒಲೆ ಆರಿಸಿ, ಒಂದು ನಿಮಿಷ ಬಿಟ್ಟು ಹಾಕಿ. ಡಬ್ಬಿಯಲ್ಲಿ ಬರುವ ಪುಡಿ ಚೀಸ್ ಬೇಡ, ಅಂಟದಿರಲಿ ಅಂತ ಅದಕ್ಕೆ ಬೇರೆ ಪುಡಿ ಸೇರಿಸಿರುತ್ತಾರೆ, ನುಣ್ಣಗೆ ಕರಗುವುದಿಲ್ಲ. ಒಂದು ಗುಟ್ಟು ಹೇಳುತ್ತೇನೆ, ಇಟಲಿಯವರಿಗೆ ಹೇಳಬೇಡಿ: ಸ್ಯಾಂಡ್‌ವಿಚ್‌ಗೆ ಹಾಕುವ ಪ್ರೋಸೆಸ್ಡ್ ಚೀಸ್ ಇರುತ್ತದಲ್ಲ, ಅದರಲ್ಲಿ ಸಿಟ್ರೇಟ್ ಅಥವಾ ಫಾಸ್ಫೇಟ್ ಲವಣ ಇರುತ್ತದೆ, ಲೇಬಲ್ ಮೇಲೆ 331, 339 ಅಂತ ಸಂಖ್ಯೆಯಲ್ಲಿ ಬರೆದಿರುತ್ತಾರೆ. ಅದು ಚೀಸ್ ಒಡೆಯದೆ ಕರಗಲಿ ಅಂತಲೇ ಹಾಕುವುದು. ಒಂದು ಸ್ಲೈಸ್ ಹರಿದು ಹಾಕಿದರೆ ಇಡೀ ಸಾಸ್ ಕೂಡಿಕೊಳ್ಳುತ್ತದೆ. ಮೊದಲನೆಯ ಬಗೆಯ ಒಡೆತಕ್ಕೂ ಇದು ಆಗುತ್ತದೆ.

ಸಾಸೇಜ್ ರಬ್ಬರ್ ಆಗಿದೆ, ಅಥವಾ ಬಣ್ಣವೇ ಬಂದಿಲ್ಲ

ನೀವು ತಂದದ್ದು ಯಾವ ಸಾಸೇಜ್ ಅಂತ ಮೊದಲು ನೋಡಿ. ಸೂಪರ್ ಮಾರ್ಕೆಟ್ಟಿನ ಫ್ರೀಜರಿನಲ್ಲಿರುವ ನುಣುಪಾದ ಚಿಕನ್ ಸಾಸೇಜ್ ಹೆಚ್ಚಾಗಿ ಬೆಂದೇ ಇರುತ್ತದೆ. ಮಾಂಸವನ್ನು ಪೇಸ್ಟಿನಂತೆ ಅರೆದು ಮಾಡಿದ್ದು, ಪುಡಿ ಮಾಡಲು ಬರುವುದಿಲ್ಲ. ಅದನ್ನು ಸಾಸಿನಲ್ಲಿ ಹದಿನೈದು ನಿಮಿಷ ಬೇಯಿಸಿದರೆ ಉಬ್ಬಿ, ಆಮೇಲೆ ಮುದುಡಿ ರಬ್ಬರ್ ಆಗುತ್ತದೆ. ಪೂರ್ತಿ ಕರಗಿಸಿ, ಬಟ್ಟೆಯಲ್ಲಿ ಒರೆಸಿ, ಓರೆಯಾಗಿ ಬಿಲ್ಲೆ ಕತ್ತರಿಸಿ, ಎರಡೂ ಬದಿ ಕಂದು ಬಣ್ಣ ಬರಿಸಿ ಎತ್ತಿಟ್ಟುಬಿಡಿ. ಕೊನೆಗೆ ಸೇರಿಸಿ. ಅದರಲ್ಲಿ ಕೊಬ್ಬು ಕಡಿಮೆ, ಹಾಗಾಗಿ ಹುರಿಯುವಾಗ ಒಂದು ಚಮಚ ಬೆಣ್ಣೆ ಬೇಕು.

ಹಸಿ ಪೋರ್ಕ್ ಸಾಸೇಜ್ ಆದರೆ ಲೆಕ್ಕವೇ ಬೇರೆ. ಸಿಪ್ಪೆ ಸುಲಿದು ಪುಡಿ ಮಾಡಿ, ಬಾಣಲೆಗೆ ಹಾಕಿ ಸುಮ್ನೆ ಬಿಡಿ. ಕೈಯಾಡಿಸುತ್ತಲೇ ಇರಬೇಡಿ. ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಬುಳುಬುಳು ಅಂದರೆ ಮಾಂಸ ತನ್ನ ನೀರಿನಲ್ಲೇ ಬೇಯುತ್ತಿದೆ, ಬೂದು ಬಣ್ಣವೇ ಗತಿ. ಚುರ್ ಅಂತ ಗಟ್ಟಿಯಾಗಿ ಸದ್ದು ಬಂದರೆ ಹುರಿಯುತ್ತಿದೆ. ಬುಳುಬುಳು ನಿಲ್ಲದಿದ್ದರೆ ಬಾಣಲೆ ಚಿಕ್ಕದು ಅಥವಾ ಮಾಂಸ ಜಾಸ್ತಿ, ಎರಡು ಕಂತಿನಲ್ಲಿ ಹುರಿಯಿರಿ. ಕೊಚ್ಚಿದ ಪೋರ್ಕ್ ಒಳಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಕೋಳಿ ಆದರೆ 74. ಕ್ರೀಮ್ ಹಾಕಿದ ಮೇಲೆ ಉರಿ ಸಣ್ಣ ಮಾಡುತ್ತೀರಿ, ಆದ್ದರಿಂದ ಮಾಂಸ ಪೂರ್ತಿ ಬೇಯುವುದು ಅದಕ್ಕೆ ಮೊದಲೇ ಮುಗಿಯಬೇಕು.

ಹಸಿ ಸಾಸೇಜ್ ಸಿಗದಿದ್ದರೆ ಹಂದಿ ಮಾಂಸದ ಅಂಗಡಿಯಲ್ಲಿ ಕೊಬ್ಬು ಸೇರಿಸಿ ಕೀಮಾ ಮಾಡಿಸಿಕೊಳ್ಳಿ. 200 ಗ್ರಾಂಗೆ 3 ಗ್ರಾಂ ಉಪ್ಪು, ಅರ್ಧ ಚಮಚ ಕುಟ್ಟಿದ ಸೋಂಪು, ಒಂದು ಎಸಳು ಬೆಳ್ಳುಳ್ಳಿ, ಕಾಳುಮೆಣಸು. ಕಲಸಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಅಮೆರಿಕದಲ್ಲಿ ಇಟಾಲಿಯನ್ ಸಾಸೇಜ್ ಅಂತ ಮಾರುತ್ತಾರಲ್ಲ, ಆ ಪರಿಮಳ ಮುಖ್ಯವಾಗಿ ಸೋಂಪಿನದು. ನನಗೆ ಈಗ ಇದೇ ಇಷ್ಟ.

ಗೋವಾದ ಖಾರದ ಪೋರ್ಕ್ ಸಾಸೇಜ್ ಚೊರೀಸ್ ಬಳಸುವವರಿಗೆ ಒಂದು ಎಚ್ಚರಿಕೆ. ಖಾರಕ್ಕೆ, ಬಣ್ಣಕ್ಕೆ ಅದನ್ನು ಮೀರಿಸಿದ್ದಿಲ್ಲ, ಆದರೆ ಅದರಲ್ಲಿ ವಿನೆಗರ್ ಇದೆ. ನೇರ ಕ್ರೀಮ್ ಸುರಿದರೆ ಎರಡನೆಯ ಬಗೆಯ ಒಡೆತ ಖಂಡಿತ. ಮೊದಲು ಸ್ವಲ್ಪ ನೀರಿನಲ್ಲಿ ಬೇಯಿಸಿ, ನೀರು ಪೂರ್ತಿ ಇಂಗಿಸಿ, ಇಳಿದ ಕೆಂಪು ಕೊಬ್ಬಿನಲ್ಲಿ ಅರ್ಧ ತೆಗೆದಿಡಿ, ಮಾರನೇ ದಿನ ಮೊಟ್ಟೆಗೆ ಆಗುತ್ತದೆ. ಟೊಮೇಟೊ ಆ ದಿನ ಹಾಕಲೇಬೇಡಿ. ಇದೇ ಕಾರಣಕ್ಕೆ, ಮಿಕ್ಕಿದ ಪಂದಿ ಕರಿಗೆ ಕ್ರೀಮ್ ಹಾಕಿ ಪಾಸ್ತಾ ಮಾಡುವ ಯೋಚನೆಯನ್ನೂ ಬಿಡಿ. ಅದಕ್ಕೆ ಹಾಕುವ ಕೊಡಗಿನ ಗಟ್ಟಿ ಹುಳಿ ಕಾಚಂಪುಳಿ ಮುಂದೆ ಯಾವ ಕ್ರೀಮೂ ನಿಲ್ಲುವುದಿಲ್ಲ. ಕೇಳಬೇಡಿ, ಮಾಡಿ ನೋಡಿದ್ದೇನೆ.

ಖಾರ ಹಾಕಿದ್ದೆಲ್ಲ ಎಲ್ಲಿ ಹೋಯಿತು?

ಹುರಿಯುವಾಗ ಕೆಮ್ಮು ಬರುವಷ್ಟು ಘಾಟು, ಬಾಯಿಗಿಟ್ಟರೆ ಸಪ್ಪೆ. ಖಾರ ಕೊಡುವ ಕ್ಯಾಪ್ಸೈಸಿನ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ, ಹಾಲಿನ ಕೇಸೀನ್ ಕೂಡ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಖಾರ ಹತ್ತಿದವರಿಗೆ ಮೊಸರು ಕೊಡುವುದು ಸುಮ್ನೆ ಅಲ್ಲ. ಆದ್ದರಿಂದ ಕ್ರೀಮ್ ಹಾಕುವ ಮೊದಲು ರುಚಿ ನೋಡಿದಾಗ "ಸ್ವಲ್ಪ ಜಾಸ್ತಿಯೇ ಆಯಿತು" ಅನ್ನಿಸಬೇಕು, ಆಗ ಕೊನೆಗೆ ಸರಿಯಾಗಿರುತ್ತದೆ. ಕೊನೆಯಲ್ಲಿ ಪುಡಿ ಉದುರಿಸಿದರೆ ಹಸಿ ವಾಸನೆ ಬರುತ್ತದೆ, ಅದನ್ನು ಒಗ್ಗರಣೆಯ ಹಾಗೆ ಎಣ್ಣೆಯಲ್ಲೇ ಬಿಡಬೇಕು. ಸಾಸೇಜ್ ಕೊಬ್ಬು ಇಳಿದ ಮೇಲೆ, ಸಣ್ಣ ಉರಿಯಲ್ಲಿ, ಅರ್ಧ ನಿಮಿಷ. ಮೆಣಸಿನ ಚೂರು ಕಪ್ಪಾದರೆ ಕಹಿ, ಆಗ ಎಣ್ಣೆ ಚೆಲ್ಲಿ ಹೊಸದಾಗಿ ಶುರು ಮಾಡುವುದು ಬಿಟ್ಟು ಬೇರೆ ದಾರಿ ಇಲ್ಲ. ಬರೀ ಬ್ಯಾಡಗಿ ಹಾಕಿ ಖಾರ ಇಲ್ಲ ಅಂದರೆ ಬ್ಯಾಡಗಿಯದು ತಪ್ಪಲ್ಲ, ಅದು ಬಣ್ಣಕ್ಕೆ. ನಾನು ಎರಡು ಬ್ಯಾಡಗಿಗೆ ಒಂದು ಗುಂಟೂರು ಸೇರಿಸಿ ಕುಟ್ಟುತ್ತೇನೆ. ಖಾರ ಮಿತಿಮೀರಿದ್ದರೆ ನೀರು ಹಾಕಬೇಡಿ, ಇನ್ನೆರಡು ಚಮಚ ಕ್ರೀಮ್ ಹಾಕಿ.

ತೆಳ್ಳಗೆ, ಗಟ್ಟಿ, ಉಪ್ಪು, ಮೆತ್ತಗೆ

ಇವು ಸಣ್ಣ ದೋಷಗಳು. ಸಾಸ್ ತೆಳ್ಳಗಿದ್ದರೆ ಬರೀ ಸಾಸನ್ನು ಕುದಿಸಿ ಗಟ್ಟಿ ಮಾಡಲು ಹೋಗಬೇಡಿ, ಎಣ್ಣೆ ಬಿಡುತ್ತದೆ. ಪಾಸ್ತಾವನ್ನು ಎರಡು ನಿಮಿಷ ಮೊದಲೇ ಎತ್ತಿ ಸಾಸಿಗೆ ಹಾಕಿ ತಿರುವಿ, ಮಿಕ್ಕ ನೀರನ್ನು ಅದೇ ಕುಡಿಯುತ್ತದೆ. ಒಲೆಯ ಮೇಲೆ ಸರಿಯಿದ್ದದ್ದು ಮೇಜಿಗೆ ಬರುವಷ್ಟರಲ್ಲಿ ಮುದ್ದೆಯಾದರೆ, ಪಾಸ್ತಾ ಇನ್ನೂ ನೀರು ಕುಡಿಯುತ್ತಿದೆ ಅಂತ ಅರ್ಥ. ಬಾಣಲೆಯಲ್ಲಿ ನಿಮಗೆ ಬೇಕಾದದ್ದಕ್ಕಿಂತ ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಿ.

ಉಪ್ಪು ಮೂರು ಕಡೆಯಿಂದ ಬರುತ್ತದೆ: ಸಾಸೇಜ್, ಚೀಸ್, ಪಾಸ್ತಾ ನೀರು. ಇಟಲಿಯ ಲೆಕ್ಕ ಲೀಟರ್ ನೀರಿಗೆ 10 ಗ್ರಾಂ. ಈ ಅಡುಗೆಗೆ ನಾನು 6 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಮಾತ್ರ ಹಾಕುತ್ತೇನೆ, ಆ ನೀರು ಸಾಸಿಗೂ ಹೋಗುತ್ತದಲ್ಲ. ಸಾಸಿಗೆ ಬೇರೆ ಉಪ್ಪು ಹಾಕುವುದು ಚೀಸ್ ಬೆರೆತ ಮೇಲೆ, ಬೇಕಾದರೆ ಮಾತ್ರ.

ಪಾಸ್ತಾ ಮುದ್ದೆಮುದ್ದೆ ಆದರೆ ಪೊಟ್ಟಣದ ಹಿಂದೆ ಡ್ಯೂರಮ್ ಗೋಧಿ ಅಂತ ಇದೆಯಾ ನೋಡಿ. ಮಾಮೂಲಿ ಗೋಧಿಯದು ಬೇಗ ಕುಸಿಯುತ್ತದೆ. ಇನ್ನು ಬೆಂಗಳೂರಿನವರು ಪೊಟ್ಟಣದ ಮೇಲಿನ ಸಮಯ ನಂಬಿ ಕೂತರೆ ಒಳಗೆ ಗಟ್ಟಿ ಉಳಿಯಬಹುದು. ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ನೀರು ಇಲ್ಲಿ 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಒಂದು ನಿಮಿಷ ಜಾಸ್ತಿ ಕೊಡಿ, ಒಂದನ್ನು ಕಚ್ಚಿ ನೋಡಿ. ನಡುವೆ ಬಿಳಿ ಚುಕ್ಕೆ ಕಂಡರೆ ಸಾಸಿಗೆ ಹಾಕುವ ಹೊತ್ತು. ಮಂಗಳೂರಿನವರಿಗೆ ಈ ತಲೆನೋವಿಲ್ಲ.

ಮಾರನೇ ದಿನ ಬಿಸಿ ಮಾಡುವಾಗ ಮೈಕ್ರೋವೇವ್‌ನಲ್ಲಿ ಫುಲ್ ಪವರ್ ಇಟ್ಟರೆ ಎಣ್ಣೆ ಬಿಟ್ಟು ಮತ್ತೆ ಮೊದಲನೆಯ ದೋಷಕ್ಕೇ ಬರುತ್ತೀರಿ. ಬಾಣಲೆಗೆ ಮೂರು ಚಮಚ ಹಾಲು ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿಟ್ಟು, ನಡುನಡುವೆ ತಿರುವಿ. ಪೆನ್ನೆ ಸ್ವಲ್ಪ ಮೆತ್ತಗಾಗಿರುತ್ತದೆ, ಆದರೆ ಸೋಂಪು, ಮೆಣಸು ಎಲ್ಲ ಚೆನ್ನಾಗಿ ಎಳೆದುಕೊಂಡಿರುತ್ತದೆ. ನನ್ನ ತಂಗಿ ಈಗ ಮಾರನೇ ದಿನದ್ದನ್ನೇ ಕೇಳಿ ತೆಗೆಸಿಡುತ್ತಾಳೆ.